ಬದುಕಿ ಬಂದವರ ಗಾಯ

(ಆಕಾಶವಾಣಿ ಭಾಷಣ)

ವಿಜಯಪುರಕ್ಕೆ ಬಂದವರು ಗೋಳಗುಮ್ಮಟವನ್ನು ನೋಡಿದ ಮೇಲೆ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡದೆ ಹಿಂದಿರುಗುವುದಿಲ್ಲ. ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ತೋಪಿನ ತೂಕ ಸುಮಾರು ೫೫ ಟನ್. ಆನೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ ಸಿಂಹದ ಬಾಯಿಯೇ ಅದರ ಬಾಯಿ. ಹತ್ತಿರದಲ್ಲಿ ಒಂದು ನೀರಿನ ತೊಟ್ಟಿಯಿದೆ. ತೋಪಿಗೆ ಬತ್ತಿ ಮುಟ್ಟಿಸಿದ ಗೋಲಂದಾಜನು ಆ ನೀರಿನಲ್ಲಿ ಮುಳುಗಿ ತನ್ನ ಕಿವಿಗಳನ್ನು ಕಾಪಾಡಿಕೊಳ್ಳುತ್ತಿದ್ದನೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅದು ಕತೆಯೇ ಇರಬಹುದು. ಆದರೆ ಆ ಕತೆ ಕಟ್ಟಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿತ್ತು. ತೋಪು ಎರಡು ಕಡೆ ಗಾಯ ಮಾಡುತ್ತದೆ. ಒಂದು, ಗುಂಡು ಬಿದ್ದಲ್ಲಿ. ಇನ್ನೊಂದು, ಗುಂಡು ಹಾರಿಸಿದವನಲ್ಲಿ. ಮೊದಲನೆಯದನ್ನು ಇತಿಹಾಸ ಬರೆದಿಡುತ್ತದೆ. ಎರಡನೆಯದನ್ನು ಬರೆದಿಡುವವರು ಯಾರು? ಇಂದಿನ ನನ್ನ ಮಾತು ಅದನ್ನು ಕುರಿತದ್ದು.

ಜನವರಿ ೧೪ನ್ನು ನಮ್ಮ ದೇಶದಲ್ಲಿ ಮಾಜಿ ಸೈನಿಕರ ದಿನವೆಂದು ಆಚರಿಸುತ್ತಾರೆ. ಸ್ವತಂತ್ರ ಭಾರತದ ಭೂಸೇನೆಗೆ ಮೊದಲ ಭಾರತೀಯ ದಂಡನಾಯಕರಾದ, ನಮ್ಮ ಕೊಡಗಿನ ಕಾರ್ಯಪ್ಪನವರು ೧೯೫೩ರಲ್ಲಿ ಅದೇ ದಿನ ಸೇವೆಯಿಂದ ನಿವೃತ್ತರಾದರು. ನಮ್ಮ ಕಡೆ ಅದು ಸಂಕ್ರಮಣದ ಕಾಲ, ವಿಜಯಪುರದ ಸಿದ್ಧೇಶ್ವರನ ಜಾತ್ರೆಯ ಕಾಲ. ರಜೆ ದೊರೆತ ಸಿಪಾಯಿಗಳು ಊರಿಗೆ ಬರುತ್ತಾರೆ. ಪಿಂಚಣಿ ಪಡೆದವರು ಕೋಟಿಗೆ ಪದಕ ಸಿಕ್ಕಿಸಿಕೊಂಡು ಸಮಾರಂಭಗಳಿಗೆ ಹೋಗುತ್ತಾರೆ. ಮಾಲೆ ಹಾಕುತ್ತೇವೆ, ಎಳ್ಳುಬೆಲ್ಲ ಕೊಡುತ್ತೇವೆ. ಮರುದಿನ ಅವರವರ ಮನೆಗೆ ಅವರವರು ಮರಳುತ್ತಾರೆ. ಆ ಮನೆಯೊಳಗೆ ಏನು ನಡೆಯುತ್ತದೆಂಬುದನ್ನು ನಾವು ಕೇಳುವುದಿಲ್ಲ.

ನಾನು ವಿಜಯಪುರದ ನೆರೆಯ ಇಟ್ಟಂಗಿಹಾಳದವನು. ೧೯೭೯ರಿಂದ ೨೦೦೩ರವರೆಗೆ ಸೇನಾ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಕೆಲಸ ಮಾಡಿದೆ. ಗಾಯ ಕಟ್ಟುವುದು, ಸೂಜಿ ಚುಚ್ಚುವುದು, ರಾತ್ರಿ ಪಾಳಿಯಲ್ಲಿ ಜ್ವರ ಅಳೆಯುವುದು ನನ್ನ ಕೆಲಸವಾಗಿದ್ದವು. ಇವುಗಳ ಜೊತೆಗೆ ಇನ್ನೊಂದು ಕೆಲಸವೂ ಇತ್ತು. ಆಗ ಅದನ್ನು ಬರಿಯ ಬರವಣಿಗೆಯೆಂದು ತಿಳಿದಿದ್ದೆ. ಸಿಪಾಯಿಯು ಸೇನೆಯನ್ನು ಬಿಡುವ ಮುನ್ನ ಅವನ ದೇಹಸ್ಥಿತಿಯನ್ನು ಪರೀಕ್ಷಿಸಿ ದಾಖಲು ಮಾಡುತ್ತಾರೆ. ವೈದ್ಯಾಧಿಕಾರಿಗಳು ಪರೀಕ್ಷಿಸುವರು, ಅವರು ಹೇಳಿದ್ದನ್ನು ನಮೂನೆಯಲ್ಲಿ ತುಂಬುವವರು ನಮ್ಮಂಥವರು.

ನಮ್ಮ ಸೇನೆಯಲ್ಲಿ ಸೈನಿಕನ ಆರೋಗ್ಯವನ್ನು ಐದು ಅಕ್ಷರಗಳಲ್ಲಿ ಅಳೆಯುವ ಪದ್ಧತಿಯಿದೆ. ಅದಕ್ಕೆ ‘ಶೇಪ್’ ಎಂದು ಹೆಸರು. ಮೊದಲನೆಯದು ಮನಸ್ಸು, ಎರಡನೆಯದು ಶ್ರವಣ, ಮೂರನೆಯದು ಕೈಕಾಲುಗಳು, ನಾಲ್ಕನೆಯದು ದೇಹದ ಒಟ್ಟು ಶಕ್ತಿ, ಐದನೆಯದು ದೃಷ್ಟಿ. ಐದರಲ್ಲೂ ಕೊರತೆಯಿಲ್ಲದವನು ‘ಶೇಪ್-೧’. ಮನಸ್ಸನ್ನು ಮೊದಲ ಅಕ್ಷರದಲ್ಲಿ ಇರಿಸಿದವರ ವಿವೇಕವನ್ನು ಮೆಚ್ಚಬೇಕು. ಆದರೆ ನಾನು ಕಂಡಂತೆ ಆ ಅಕ್ಷರದ ಮುಂದೆ ಒಂದು ಎಂದು ಬರೆಯಲು ಎಲ್ಲಕ್ಕಿಂತ ಕಡಿಮೆ ಹೊತ್ತು ಹಿಡಿಯುತ್ತಿತ್ತು.

ಕಿವಿಯ ಪರೀಕ್ಷೆಯ ಕ್ರಮ ಹೀಗಿತ್ತು. ೬೧೦ ಸೆಂಟಿಮೀಟರ್, ಎಂದರೆ ಇಪ್ಪತ್ತು ಅಡಿ ದೂರದಲ್ಲಿ, ಬೆನ್ನು ತಿರುಗಿಸಿ ನಿಂತವನಿಗೆ ಪಿಸುದನಿಯಲ್ಲಿ ಒಂದು ಮಾತು ಹೇಳುವುದು. ಅವನು ಅದನ್ನು ತಿರುಗಿ ನುಡಿಯುವುದು. ಬಳಿಕ ಅಧಿಕಾರಿಗಳು, “ಏನಾದರೂ ತೊಂದರೆ ಇದೆಯೆ?” ಎನ್ನುವರು. ಬಹುಮಂದಿಯ ಉತ್ತರ ಒಂದೇ: “ಇಲ್ಲ ಸಾಹೇಬ್.” ಆಗ ನಾನು ‘ನೋ ಕಂಪ್ಲೇಂಟ್ಸ್’ ಎಂದು ಬರೆಯುತ್ತಿದ್ದೆ. ಆ ಎರಡು ಶಬ್ದಗಳನ್ನು ಎಷ್ಟು ನೂರು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

“ಇಲ್ಲ” ಎಂದು ಅವರು ಏಕೆ ಹೇಳುತ್ತಿದ್ದರು? ಊರಿಗೆ ಹೋಗುವ ರೈಲಿನ ವಾರಂಟು ಕಿಸೆಯಲ್ಲಿರುತ್ತಿತ್ತು. “ಇದೆ” ಎಂದರೆ ಆಸ್ಪತ್ರೆಗೆ ಸೇರಿಸಿಯಾರು, ಲೆಕ್ಕಪತ್ರ ತಡವಾದೀತು ಎಂಬ ಅಂಜಿಕೆ ಒಂದು. ಸಿಪಾಯಿಯಾದವನು ನೋವು ಹೇಳಿಕೊಳ್ಳಬಾರದೆಂಬ ಸಂಕೋಚ ಇನ್ನೊಂದು. ಇವೆರಡಕ್ಕಿಂತ ದೊಡ್ಡ ಕಾರಣ ಮತ್ತೊಂದಿತ್ತು. ಮೂವತ್ತೈದು ವರ್ಷದ ಗಟ್ಟಿಮುಟ್ಟಾದ ಆಳಿಗೆ ತನ್ನ ದೇಹದಲ್ಲಿ ಏನು ಮೊಳೆಯುತ್ತಿದೆಯೆಂಬುದು ತನಗೇ ತಿಳಿದಿರುವುದಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಾನೂ ಸುಳ್ಳು ಬರೆಯುತ್ತಿರಲಿಲ್ಲ. ಆದರೂ ಕಾಗದದ ಮೇಲೆ ಉಳಿದದ್ದು ಪೂರ್ತಿ ಸತ್ಯವಾಗಿರಲಿಲ್ಲ.

ಇದು ನನಗೆ ಮನದಟ್ಟಾದದ್ದು ಸೇವೆಯಲ್ಲಿದ್ದಾಗ ಅಲ್ಲ, ಊರಿಗೆ ಬಂದ ಮೇಲೆ. ನಮ್ಮ ಕಡೆಯ ಹಿರಿಯರೊಬ್ಬರನ್ನು ಎಲ್ಲರೂ ಮಿಲ್ಟ್ರಿ ಕಾಕಾ ಎಂದೇ ಕರೆಯುತ್ತಾರೆ. ಹೆಸರು ಬೇಡ. ೧೯೬೬ರಲ್ಲಿ ಫಿರಂಗಿದಳ ಸೇರಿದವರು. ೧೯೭೧ರ ಡಿಸೆಂಬರ್ ೩ರಂದು ಯುದ್ಧ ಮೊದಲಾದಾಗ ಪಶ್ಚಿಮದ ಗಡಿಯಲ್ಲಿದ್ದರು. ಎರಡು ವಾರ ಹಗಲುರಾತ್ರಿ ತೋಪಿನ ಮಗ್ಗುಲಲ್ಲೇ ಇದ್ದವರು. ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು; ನಮ್ಮ ಶೆರ್ಜಾ ಬುರುಜಿನ ತೊಟ್ಟಿ ಅಲ್ಲಿರಲಿಲ್ಲ. ೧೯೮೩ರಲ್ಲಿ ಪಿಂಚಣಿ ಪಡೆದು ಊರಿಗೆ ಬಂದು ಬಿಳಿಜೋಳದ ಹೊಲ ಮಾಡಿದರು.

೨೦೦೫ರಲ್ಲಿ ಒಂದು ದಿನ ಅವರು ಮಗಳ ಮಗನನ್ನು ಕರೆದುಕೊಂಡು ಗೋಳಗುಮ್ಮಟಕ್ಕೆ ಹೋದರು. ಮೇಲಿನ ಪಿಸುಗುಟ್ಟುವ ಮೊಗಸಾಲೆಯನ್ನು ನೀವು ಬಲ್ಲಿರಿ. ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಗುಮ್ಮಟದ ಸುತ್ತ ಹರಿದು ಎದುರಿನ ಗೋಡೆಯಲ್ಲಿ ಕೇಳಿಸುತ್ತದೆ. ಹುಡುಗ ಈ ಕಡೆ ಕುಳಿತ, ಮುತ್ಯಾ ಆ ಕಡೆ ಗೋಡೆಗೆ ಕಿವಿ ಹಚ್ಚಿದರು. ಹುಡುಗ ಪಿಸುಗುಟ್ಟಿದ. ಮತ್ತೆ ಪಿಸುಗುಟ್ಟಿದ. ಕೊನೆಗೆ ಓಡಿ ಬಂದು, “ಮುತ್ಯಾ, ನಿನಗ ಕೇಳಿಸ್ಲಿಲ್ಲೇನು? ಎಲ್ಲಾರಿಗೂ ಕೇಳಿಸ್ತು!” ಎಂದ. ಮುತ್ಯಾ ನಕ್ಕು, “ಕೇಳಿಸ್ತು ಬಿಡು” ಎಂದರು. ಸಂಜೆ ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ, “ತಮ್ಮಾ, ಹುಡುಗನ ಮುಂದ ಸುಳ್ಳ ಹೇಳಿ ಬಂದೀನಿ” ಎಂದರು.

ಅವರ ಹಳೆಯ ಕಬ್ಬಿಣದ ಪೆಟ್ಟಿಗೆ ತೆರೆದು ಕಾಗದಗಳನ್ನು ನೋಡಿದೆ. ೧೯೮೩ರ ಹಾಳೆಯಲ್ಲಿ ಶೇಪ್-೧ ಎಂದಿತ್ತು. ಕೆಳಗೆ ‘ನೋ ಕಂಪ್ಲೇಂಟ್ಸ್’ ಎಂದಿತ್ತು. “ಯಾಕ ಹೇಳಲಿಲ್ಲ ಕಾಕಾ?” ಎಂದೆ. “ಹಿಂಗಾರಿ ಬಿತ್ತಿಗಿ ದಿನಾ ಬಂದಿದ್ವು. ನಂದೇನೂ ಆಗಿಲ್ಲ, ಸೈ ಮಾಡಿ ಕಳಸ್ರಿ ಅಂದೆ” ಎಂದರು. ಆ ಅಕ್ಷರ ನನ್ನದಲ್ಲ, ಬೇರೆ ಯಾರದೋ. ಆದರೆ ನನ್ನದೂ ಆಗಬಹುದಾಗಿತ್ತು. ನಾನು ಬರೆದ ಅಂಥ ಹಾಳೆಗಳು ಯಾವ ಯಾವ ಊರಿನ ಪೆಟ್ಟಿಗೆಗಳಲ್ಲಿ ಇವೆಯೋ ಎಂದು ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಕಿವಿಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ಒಳಗಿವಿಯಲ್ಲಿ ಶಂಖದಂತೆ ಸುರುಳಿಯಾದ ಅಂಗವೊಂದಿದೆ. ಅದರೊಳಗೆ ಸೂಕ್ಷ್ಮ ರೋಮಗಳುಳ್ಳ ಜೀವಕೋಶಗಳಿವೆ. ಸದ್ದನ್ನು ಮಿದುಳಿಗೆ ಮುಟ್ಟಿಸುವ ಕೆಲಸ ಅವುಗಳದು. ತೋಪಿನ ಹೊಡೆತಕ್ಕೆ ಅವು ನೆಲಕಚ್ಚಿದ ಪೈರಿನಂತೆ ಆಗುತ್ತವೆ. ಪೈರು ಮರುವರ್ಷ ಬರುತ್ತದೆ; ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಸೆಕೆಂಡಿಗೆ ೪,೦೦೦ ಕಂಪನಗಳ ಆಸುಪಾಸಿನ ತೀಕ್ಷ್ಣ ಸ್ವರಗಳು. ಆದ್ದರಿಂದ ಗಂಡಸರ ದಪ್ಪ ದನಿ ಕೇಳುತ್ತಿದ್ದರೂ ಹೆಂಗಸರ, ಮಕ್ಕಳ ಮಾತು ತೊದಲಿದಂತೆ ತೋರುತ್ತದೆ. ಸ, ಶ, ತ ಮೊದಲಾದ ಅಕ್ಷರಗಳು ಜಾರಿಹೋಗುತ್ತವೆ. ಕಿವಿಯೊಳಗೆ ಜೀರುಂಡೆಯಂಥ ಸದ್ದು ಬಿಡದೆ ಕೇಳುತ್ತದೆ. ವಯಸ್ಸು ಕೂಡಿದಂತೆ ಹಳೆಯ ನಷ್ಟದ ಮೇಲೆ ಹೊಸ ನಷ್ಟ ಬಂದು ಸೇರುತ್ತದೆ. ಯೌವನದಲ್ಲಿ ಪಿಸುದನಿಯ ಪರೀಕ್ಷೆಯನ್ನು ದಾಟಿದವನು ಅರವತ್ತರ ಹೊತ್ತಿಗೆ ಮೊಮ್ಮಗನ ಪಿಸುದನಿಯ ಮುಂದೆ ಸೋಲುತ್ತಾನೆ. ಒಂದು ದಿನದ ಪರೀಕ್ಷೆಯಿಂದ ಇದನ್ನು ತಿಳಿಯಲಾಗದು. ೧೯೯೯ರ ಕಾರ್ಗಿಲ್ ಕದನದಲ್ಲಿ ನಮ್ಮ ಫಿರಂಗಿದಳ ೨,೫೦,೦೦೦ಕ್ಕೂ ಮೇಲ್ಪಟ್ಟು ಗುಂಡು, ರಾಕೆಟ್ಟುಗಳನ್ನು ಹಾರಿಸಿತೆಂದು ಹೇಳುತ್ತಾರೆ. ಪ್ರತಿಯೊಂದರ ಹತ್ತಿರವೂ ಯಾರದೋ ಕಿವಿಗಳಿದ್ದವು. ಅಂದಿನ ತರುಣರು ಈಗ ನಡುವಯಸ್ಸು ದಾಟುತ್ತಿದ್ದಾರೆ.

ಕಾಕಾನ ಪರವಾಗಿ ನಾನು ಅರ್ಜಿ ಬರೆದೆ. ಅಂಗವೈಕಲ್ಯದ ಪಿಂಚಣಿಗೆ ಎರಡು ಮಾತು ಸಿದ್ಧವಾಗಬೇಕು. ಊನವು ಸೇವೆಯಿಂದ ಉಂಟಾಗಿರಬೇಕು, ಇಲ್ಲವೆ ಸೇವೆಯಿಂದ ಉಲ್ಬಣಿಸಿರಬೇಕು. ಮತ್ತು ಅದರ ಪ್ರಮಾಣ ನೂರಕ್ಕೆ ೨೦ಕ್ಕಿಂತ ಕಡಿಮೆ ಇರಬಾರದು. ೧೯೮೨ರ ನಿಯಮಗಳು ಸೇವೆ ಬಿಟ್ಟ ಏಳು ವರ್ಷಗಳೊಳಗೆ ತಲೆದೋರಿದ ರೋಗಕ್ಕೂ, ಅದರ ಬೀಜ ಸೇವೆಯಲ್ಲೇ ಬಿದ್ದಿತ್ತೆಂದು ವೈದ್ಯರು ಒಪ್ಪಿದರೆ, ಮನ್ನಣೆ ಕೊಟ್ಟಿದ್ದವು. ಅದು ಉದಾರವಾದ ನಿಯಮವೇ. ಆದರೆ ಕಾಕಾ ಬಾಯಿ ಬಿಟ್ಟು ಹೇಳಿದ್ದು ಇಪ್ಪತ್ತೆರಡು ವರ್ಷಗಳ ಮೇಲೆ. ಕೇಳಿದ ಕಾಗದ ನಮ್ಮಲ್ಲಿರಲಿಲ್ಲ. ಅರ್ಜಿ ತಿರುಗಿ ಬಂತು. ಅದನ್ನು ನೋಡಿದ ಗುಮಾಸ್ತನನ್ನು ನಾನು ದೂರಲಾರೆ. ಅವನ ಮುಂದಿದ್ದದ್ದು ಕಾಕಾನ ಕಿವಿಯಲ್ಲ, ‘ನೋ ಕಂಪ್ಲೇಂಟ್ಸ್’ ಎಂಬ ಹಾಳೆ.

ನ್ಯಾಯದ ಬಾಗಿಲು ಮುಚ್ಚಿಯೇ ಇದೆಯೆಂದು ಯಾರೂ ತಿಳಿಯಬಾರದು. ೨೦೦೭ರ ಕಾಯಿದೆಯಿಂದ ಸಶಸ್ತ್ರ ಪಡೆಗಳಿಗೆ ಪ್ರತ್ಯೇಕ ನ್ಯಾಯಮಂಡಳಿ ಬಂದಿದೆ. ೨೦೧೩ರ ಜುಲೈ ೨ರಂದು ಧರ್ಮವೀರ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ತೀರ್ಪು ನೀಡಿತು. ಅಪಸ್ಮಾರದ ಕಾರಣದಿಂದ ಮನೆಗೆ ಕಳುಹಿಸಲ್ಪಟ್ಟ ಒಬ್ಬ ಸಿಪಾಯಿಯ ಮೊಕದ್ದಮೆ ಅದು. ಸೇನೆಗೆ ಸೇರುವಾಗ ಇಂಥ ರೋಗವಿತ್ತೆಂದು ಬರೆದಿರದಿದ್ದರೆ, ಆಮೇಲೆ ಕಾಣಿಸಿಕೊಂಡದ್ದು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಸರಕಾರದ್ದು ಎಂದು ನ್ಯಾಯಾಲಯ ಹೇಳಿತು. ೨೦೨೩ರ ಸೆಪ್ಟೆಂಬರಿನಿಂದ ಹೊಸದಾಗಿ ನಿವೃತ್ತರಾಗುವವರಿಗೆ ಬೇರೆ ನಿಯಮಗಳು ಬಂದಿವೆ. ನಿಯಮ ಯಾವುದೇ ಇರಲಿ, ಕಾಗದದಲ್ಲಿ ಕಾಣದ ಗಾಯಕ್ಕೆ ದಾರಿ ದೂರವೇ.

ಕಿವಿ, ಮೊಣಕಾಲುಗಳಾದರೂ ಯಂತ್ರದಲ್ಲಿ ಕಾಣುತ್ತವೆ. ಕಾಣದ ಗಾಯ ಇನ್ನೊಂದಿದೆ. ಅರ್ಜಿಗೆ ವಿವರ ಕೇಳಲು ಕಾಕಾನ ಮನೆಗೆ ಹೋದಾಗ ಕಾಕೂ ಚಹಾ ತಂದರು. ನಾನು ಸುಮ್ಮನೆ, “ರಾತ್ರಿ ಚಲೋ ನಿದ್ದಿ ಮಾಡ್ತಾರೇನ್ರಿ?” ಎಂದು ಕೇಳಿದೆ. ಅವರು ಒಮ್ಮೆ ಗಂಡನ ಕಡೆ ನೋಡಿ, ಆತನಿಗೆ ಕೇಳಿಸದೆಂಬ ಧೈರ್ಯದಿಂದ ಹೇಳಿದರು: “ಮಲಗಿದವರನ್ನ ಮುಟ್ಟಿ ಎಬ್ಬಸಾಂಗಿಲ್ಲಪಾ. ಕೈ ಬೀಸ್ತಾರ. ಕರದ್ರ ಕೇಳಿಸಂಗಿಲ್ಲ. ದೂರ ನಿಂತು ಕೋಲಿನಿಂದ ಮಂಚದ ಕಾಲು ಬಡೀತೀನಿ. ಊರಿಗಿ ಬಂದಾಗಿಂದ ಹಿಂಗ.” ದೀಪಾವಳಿಯಲ್ಲಿ ಪಟಾಕಿ ಹಾರುವ ಮೂರು ರಾತ್ರಿ ಅವರು ಹೊಲದಲ್ಲಿ ಮಲಗುತ್ತಾರೆಂದೂ, ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಹಕ್ಕಿ ಬೆದರಿಸಲು ಮದ್ದಿನ ಸದ್ದು ಮಾಡುವರೆಂದು ಬೀಗರ ಮನೆಗೂ ಹೋಗುವುದಿಲ್ಲವೆಂದೂ ಆಗ ತಿಳಿಯಿತು. ಕಿವುಡನಾದವನಿಗೆ ಪಟಾಕಿಯ ಭಯವೇನೆಂದು ಕೇಳಬೇಡಿ. ಆ ಸದ್ದು ಅವನಿಗೆ ಎದೆಯಲ್ಲಿ ಕೇಳುತ್ತದೆ.

ಇಪ್ಪತ್ತೆರಡು ವರ್ಷ ಆ ತಾಯಿ ಮಂಚದ ಕಾಲು ಬಡಿದಿದ್ದಾರೆ. ಯಾವ ವೈದ್ಯರೂ ಅವರನ್ನು ಕೇಳಿರಲಿಲ್ಲ. ಶೇಪಿನ ಮೊದಲ ಅಕ್ಷರಕ್ಕೆ ಸಾಕ್ಷಿ ಅವರ ಬಳಿ ಇತ್ತು.

ವೈದ್ಯಶಾಸ್ತ್ರ ಈ ಗಾಯವನ್ನು ಒಪ್ಪಿಕೊಳ್ಳಲು ಬಹುಕಾಲ ತೆಗೆದುಕೊಂಡಿತು. ಮೊದಲ ಮಹಾಯುದ್ಧದಲ್ಲಿ, ೧೯೧೫ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಇಂಗ್ಲಿಷ್ ವೈದ್ಯರು ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ಇದನ್ನು ಬರೆದರು. ಆದರೂ ಹೇಡಿತನವೆಂದು ಶಿಕ್ಷೆಗೆ ಗುರಿಯಾದವರಿದ್ದರು. ವಿಯೆಟ್ನಾಮಿನಿಂದ ಮರಳಿದ ಅಮೆರಿಕದ ಸೈನಿಕರ ಕಷ್ಟವನ್ನು ಕಂಡ ಮೇಲೆ, ೧೯೮೦ರಲ್ಲಿ ಅಲ್ಲಿನ ಮನೋವೈದ್ಯರು ಆಘಾತದ ನಂತರದ ಈ ಮನೋವ್ಯಾಧಿಯನ್ನು ತಮ್ಮ ರೋಗಗಳ ಪಟ್ಟಿಗೆ ಸೇರಿಸಿದರು. ನಮ್ಮ ಕವಿಗಳು ಇದನ್ನು ಮೊದಲೇ ಬಲ್ಲವರಾಗಿದ್ದರು. ಹಿಂದೆ ನಮ್ಮದೇ ಜಿಲ್ಲೆಗೆ ಸೇರಿದ್ದ ಮುಧೋಳದ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಸಂಜಯನೊಡನೆ ರಣರಂಗದಲ್ಲಿ ನಡೆಯಿಸುತ್ತಾನೆ. ಸತ್ತು ಬಿದ್ದ ತನ್ನವರನ್ನು ಒಬ್ಬೊಬ್ಬರನ್ನಾಗಿ ಕಾಣುತ್ತ, ಎಡವುತ್ತ ಅವನು ಸಾಗುತ್ತಾನೆ. ದುರ್ಯೋಧನ ಹಾಗೆ ನಡೆದದ್ದು ಒಂದು ಸಲ. ಊರಿಗೆ ಮರಳಿದ ಸಿಪಾಯಿ ಎಷ್ಟೋ ರಾತ್ರಿ ಕಣ್ಣು ಮುಚ್ಚಿದೊಡನೆ ಅದೇ ದಾರಿಯಲ್ಲಿ ನಡೆಯುತ್ತಾನೆ.

ನಮ್ಮ ನಾಡಿನ ಊರ ಹೊರಗೆ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ವೀರನು ಕಾದುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲೆ ಅವನು ಕೈಲಾಸದಲ್ಲಿ ಇರುತ್ತಾನೆ. ಸತ್ತವನಿಗೆ ನಾವು ಕಲ್ಲು ನಿಲ್ಲಿಸಿದೆವು, ಒಳ್ಳೆಯದೇ ಮಾಡಿದೆವು. ಗಾಯಗೊಂಡು ಮನೆಗೆ ಬಂದು ನಲವತ್ತು ವರ್ಷ ಬದುಕಿದವನಿಗೆ ಆ ಕಲ್ಲಿನಲ್ಲಿ ಪಟ್ಟಿಕೆಯಿಲ್ಲ. ಅವನಿಗೆ ಕಲ್ಲು ಬೇಕಾಗಿಲ್ಲ. ವರ್ಷಕ್ಕೊಮ್ಮೆ ವಿಚಾರಿಸುವವರು ಬೇಕು.

ಹಾಗೆ ವಿಚಾರಿಸುವ ವ್ಯವಸ್ಥೆ ಇಲ್ಲವೇ ಇಲ್ಲವೆಂದರೆ ತಪ್ಪಾದೀತು. ಕೈಕಾಲು ಕಳೆದುಕೊಂಡವರಿಗಾಗಿ ಪುಣೆಯಲ್ಲಿ ೧೯೪೪ರಿಂದ ಕೃತಕ ಅಂಗಗಳ ಕೇಂದ್ರ ನಡೆಯುತ್ತಿದೆ. ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾರದವರಿಗೆ ಅಲ್ಲಿಯೇ ಖಡಕಿಯಲ್ಲಿ ೧೯೭೪ರಿಂದ ಪುನರ್ವಸತಿ ಕೇಂದ್ರವಿದೆ. ೨೦೦೩ರ ಏಪ್ರಿಲ್ ೧ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆ ಬಂದಿತು. ಪಿಂಚಣಿ ಪಡೆಯುವ ಸೈನಿಕ, ಅವನ ಹೆಂಡತಿ, ಅವಲಂಬಿತರು ಪಾಲಿಕ್ಲಿನಿಕ್ಕಿನಲ್ಲಿ ಔಷಧ ಪಡೆಯಬಹುದು. ಯೋಜನೆಗೆ ಸೇರಿದ ಆಸ್ಪತ್ರೆಗಳಿಗೆ ಹೋಗಬಹುದು. ೧೯೯೬ಕ್ಕೆ ಮೊದಲು ನಿವೃತ್ತರಾದವರು ವಂತಿಗೆ ಕಟ್ಟಬೇಕಾಗಿಲ್ಲ. ಮನಸ್ಸಿನ ಕಷ್ಟಕ್ಕೆ ೨೦೨೨ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಸೇವೆಯಿದೆ; ೧೪೪೧೬ಕ್ಕೆ ಫೋನ್ ಮಾಡಿದರೆ ಹಣವಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು.

ಆದರೆ ವ್ಯವಸ್ಥೆ ಇರುವುದು ಬೇರೆ, ಅದು ಕೊನೆಮುಟ್ಟುವುದು ಬೇರೆ. ಆ ಯೋಜನೆಯಿಂದ ಕಾಕಾನಿಗೆ ಶ್ರವಣಯಂತ್ರ ದೊರೆಯಿತು. ಹಾಕಿಕೊಂಡ ಮೊದಲ ದಿನವೇ ಬಸ್ಸಿನ ಸದ್ದು, ಪಾತ್ರೆಯ ಸದ್ದು, ನಾಯಿಯ ಸದ್ದು ಎಲ್ಲವೂ ಒಟ್ಟಿಗೆ ಮೈಮೇಲೆ ಬಿದ್ದಂತಾಗಿ, ತೆಗೆದು ಪೆಟ್ಟಿಗೆಯಲ್ಲಿಟ್ಟರು. ಆರು ತಿಂಗಳು ಅದು ಪದಕದ ಪಕ್ಕದಲ್ಲಿಯೇ ಇತ್ತು. ದಾಖಲೆಯಲ್ಲಿ ‘ಯಂತ್ರ ಕೊಡಲಾಗಿದೆ’ ಎಂದಿತ್ತು. ಅಲ್ಲಿಗೆ ಕೆಲಸ ಮುಗಿದಿತ್ತು. ಮತ್ತೆ ಅವರನ್ನು ಕರೆದೊಯ್ದು ಸದ್ದನ್ನು ಹೊಂದಿಸಿ, ಮೊದಲು ಮನೆಯೊಳಗೆ ಅರ್ಧ ತಾಸು, ಆಮೇಲೆ ಒಂದು ತಾಸು ಎಂದು ರೂಢಿ ಮಾಡಿಸಬೇಕಾಯಿತು. ನಾಲ್ಕು ಸಲ ಹೋದೆವು. ಮುಂದಿನ ಆರೈಕೆ ಎಂದರೆ ಇದೇ. ಔಷಧ ಕೊಟ್ಟ ಮೇಲೆ ಅದು ಹೊಟ್ಟೆಗೆ ಹೋಯಿತೆ, ಯಂತ್ರ ಕೊಟ್ಟ ಮೇಲೆ ಅದು ಕಿವಿಯಲ್ಲಿದೆಯೆ, ಕಾಲು ಕೊಟ್ಟ ಮೇಲೆ ಅವನು ಹೊಲಕ್ಕೆ ನಡೆದು ಹೋದನೆ ಎಂದು ನೋಡುವುದು. ನಿದ್ರೆಗೆ ಮಾತ್ರ ಅವರು ವೈದ್ಯರ ಬಳಿಗೆ ಬರಲೊಲ್ಲರು. “ಇಷ್ಟ ವರ್ಷ ಹೋದ್ವು, ಇನ್ನೇನು?” ಎನ್ನುತ್ತಾರೆ. ಕಾಕೂ ಈಗಲೂ ಕೋಲನ್ನು ಮಂಚದ ತಲೆಯ ಕಡೆ ಇಟ್ಟಿರುತ್ತಾರೆ. ಅದರಲ್ಲಿ ನಾನು ಗೆದ್ದಿಲ್ಲ.

ಸೇವೆ ಬಿಡಲಿರುವ ತರುಣರು ಯಾರಾದರೂ ಕೇಳುತ್ತಿದ್ದರೆ ಅವರಿಗೆ ಎರಡು ಮಾತು. ಕೊನೆಯ ಪರೀಕ್ಷೆಯ ದಿನ ಊರಿನ ದಾರಿಯನ್ನು ಸ್ವಲ್ಪ ಹೊತ್ತು ಮರೆಯಿರಿ. ಕಿವಿಯೊಳಗಿನ ಸದ್ದು, ಮೊಣಕಾಲಿನ ನೋವು, ಕೆಟ್ಟ ಕನಸು, ಸಣ್ಣದೆಂದು ಬಿಡದೆ ಹೇಳಿ ಬರೆಯಿಸಿರಿ. ಕಿವಿಗೆ ಯಂತ್ರದ ಪರೀಕ್ಷೆಯನ್ನು ಕೇಳಿರಿ. ಕಾಗದಗಳ ನಕಲು ಪಡೆದು ಭದ್ರವಾಗಿಡಿರಿ. ನೋವು ಹೇಳಿಕೊಳ್ಳುವುದು ಹೇಡಿತನವಲ್ಲ; ಅದೂ ಒಂದು ವರದಿ. ಪಹರೆಯ ಮೇಲಿದ್ದಾಗ ಕಂಡದ್ದನ್ನು ಕಂಡಂತೆ ವರದಿ ಮಾಡಿದವರು ನೀವು.

ವೈದ್ಯರಲ್ಲಿಯೂ ನನ್ನದೊಂದು ವಿನಂತಿ. ಮಾಜಿ ಸೈನಿಕ ನಿಮ್ಮ ಮುಂದೆ ಕುಳಿತಾಗ, ಅವನ ಹಿಂದೆ ನಿಂತ ಹೆಂಗಸನ್ನೂ ಕೂರಿಸಿ ಕೇಳಿರಿ. “ಏನಾದರೂ ತೊಂದರೆ ಇದೆಯೆ?” ಎಂಬ ಪ್ರಶ್ನೆಗೆ ಸಿಪಾಯಿಯ ಉತ್ತರ “ಇಲ್ಲ” ಎಂದೇ ಇರುತ್ತದೆ. “ರಾತ್ರಿ ಹೇಗೆ ಎಬ್ಬಿಸುತ್ತೀರಿ?” ಎಂದು ಅವಳನ್ನು ಕೇಳಿರಿ.

ಈಗ ನನ್ನ ಮನೆಯಲ್ಲಿ ಒಂದು ಇನ್ನೂರು ಪುಟದ ನೋಟುಪುಸ್ತಕವಿದೆ. ಸುತ್ತಿನ ಊರುಗಳಿಗೆ ಮರಳಿದ ಸಿಪಾಯಿಗಳು ಬಂದಾಗ ಶೇಪಿನ ಐದು ಅಕ್ಷರಗಳನ್ನೂ ಕೇಳಿ ಬರೆದುಕೊಳ್ಳುತ್ತೇನೆ. ಮರುವರ್ಷ ಸಂಕ್ರಮಣಕ್ಕೆ ಮತ್ತೆ ಕೇಳುತ್ತೇನೆ. ಅದಕ್ಕೆ ಸರಕಾರದ ಮುದ್ರೆಯಿಲ್ಲ. ಯಾವ ಕಚೇರಿಯಲ್ಲೂ ಅದು ನಡೆಯಲಿಕ್ಕಿಲ್ಲ. ಆದರೂ ಬರೆಯುತ್ತೇನೆ. ‘ನೋ ಕಂಪ್ಲೇಂಟ್ಸ್’ ಎಂದು ನೂರಾರು ಸಲ ಬರೆದ ಕೈ ಇದು. ಆ ನೋಟುಪುಸ್ತಕದಲ್ಲಿ ಆ ಎರಡು ಶಬ್ದಗಳನ್ನು ಇದುವರೆಗೆ ಬರೆದಿಲ್ಲ.